ಪುಟದಲ್ಲಿ ಕಾಣದ ವಿಳಾಸ

ಸೋಮವಾರ ಬೆಳಿಗ್ಗೆ ಮೊಕ್ಪೊ ಬಂದರು ಠಾಣೆಗೆ ಬಂದ ನಾ ಯುನ್‌ಸಿಲ್ ಎಂಬಾಕೆ ಟಾಯ್ಲೆಟ್ ಪೇಪರ್ ಸುರುಳಿಗಳ ಕಟ್ಟೊಂದನ್ನು ಮೇಜಿನ ಮೇಲಿಟ್ಟಳು. ಆ ನಾಡಿನಲ್ಲಿ ಹೊಸ ಮನೆ ಹೊಕ್ಕವರಿಗೆ ಎಲ್ಲರೂ ಒಯ್ಯುವ ಉಡುಗೊರೆಯೇ. ಆಕೆಯ ಹೊಸ ಮನೆಯ ಬಾಗಿಲಲ್ಲಿ ಸಿಕ್ಕಿದ ಆ ಕಟ್ಟಿನ ಮೇಲೆ ಅಚ್ಚಾದ ಚೀಟಿ ಇತ್ತು: ‘ಮನೆ ಒಕ್ಕಲಿಗೆ ನನ್ನನ್ನೇ ಮರೆತೆಯಲ್ಲ.’

ಗಂಡ ಪ್ಯೋ ಜಾಂಗ್‌ಹೋ ಹತ್ತಿರ ಸುಳಿಯಬಾರದೆಂದು ನ್ಯಾಯಾಲಯದ ಆದೇಶವಿತ್ತು. ವಿಳಾಸವನ್ನು ಆಕೆ ಹೆತ್ತ ತಾಯಿಗೂ ಹೇಳಿರಲಿಲ್ಲ. ಇನ್ಸ್‌ಪೆಕ್ಟರ್ ಬಾಂಗ್ ಸೊಕ್‌ಜು ದೂರು ದಾಖಲಿಸಿ ಕಟ್ಟನ್ನು ವಶಕ್ಕೆ ಪಡೆದರು. ಬೆರಳಚ್ಚು ಸಿಗಲಿಲ್ಲ.

“ಇನ್ನೊಂದ್ಸಲ ಊರು ಬಿಡೋ ಶಕ್ತಿ ನನಗಿಲ್ಲ ಸರ್,” ಎಂದಳು ಯುನ್‌ಸಿಲ್. ವಿಳಾಸ ಇನ್ಯಾರಿಗೆ ಗೊತ್ತು ಎಂದು ಬಾಂಗ್ ಕೇಳಿದರು.

ವಿಳಾಸ ಗೊತ್ತಿದ್ದುದು ಆಕೆ ಪಾಠ ಹೇಳುವ ಕುಂಬಾರಿಕೆ ಶಾಲೆಗೆ ಮಾತ್ರ. ಶಿಕ್ಷಕರ ಪರಿಚಯದ ಪುಟದಲ್ಲಿ ಹಾಕಿದ್ದ ಅದನ್ನು ಆಕೆ ಕೇಳಿಕೊಂಡ ದಿನವೇ ವೆಬ್‌ಸೈಟಿನಿಂದ ತೆಗೆದಿದ್ದೇನೆಂದು ಅಲ್ಲಿನ ಗುಮಾಸ್ತ ಆಣೆ ಹಾಕಿದ. ಪುಟದಲ್ಲಿ ನಿಜಕ್ಕೂ ಇರಲಿಲ್ಲ. ಕಾನ್‌ಸ್ಟೆಬಲ್ ದೋ ಹ್ಯೆರಿನ್ ಪುಟದ ಹಿಂದಿನ ಕೋಡ್ ತೆರೆದಳು.

“ಅಳಿಸಿಲ್ಲ ಸರ್. ಮತ್ತೆ ಬೇಕಾದೀತು ಅಂತ ಗುಮಾಸ್ತ ಟಿಪ್ಪಣಿ ಗುರುತು ಹಾಕಿ ಮುಚ್ಚಿದಾನೆ. ಓದೋರಿಗೆ ಕಾಣಲ್ಲ, ಕೋಡ್‌ನಲ್ಲಿ ಹಾಗೇ ಇದೆ.”

“ಮತ್ತೆ ಆ ಗಂಡನಿಗೆ ಹೇಗೆ ಕಂಡಿತು?”

“ಅವ್ನು ಓದೇ ಇಲ್ಲ. ಈ ಹೆಸರು ಸಿಕ್ಕಿದ್ರೆ, ವಿಳಾಸ ಅನ್ನೋ ಪದದಿಂದ ಸಾಲಿನ ಕೊನೆವರೆಗೂ ಕಿತ್ಕೊಂಡು ಬಾ ಅಂತ ರೆಗ್ಯುಲರ್ ಎಕ್ಸ್‌ಪ್ರೆಶನ್, ಅಂದ್ರೆ ಪದ ಹುಡುಕೋ ಸೂತ್ರ, ಬರೆದು ಬಿಟ್ಟಿರ್ತಾನೆ. ಅದಕ್ಕೆ ಮುಚ್ಚಿದ್ದೂ ಒಂದೇ, ತೆರೆದಿದ್ದೂ ಒಂದೇ.”

ಯಾರೋ ದಿನವೂ ಬಂದು ಪುಟವನ್ನು ಎತ್ತಿಕೊಂಡು ಹೋಗುತ್ತಿದ್ದುದು ಸರ್ವರ್ ದಾಖಲೆಯಲ್ಲಿ ಕಂಡಿತು. ಜಾಡು ಮಾತ್ರ ಹೊರದೇಶದಲ್ಲಿ ಕಡಿದುಹೋಗಿತ್ತು. ಬಾಂಗ್ ಆ ಮುಚ್ಚಿದ ಸಾಲಿನಲ್ಲೇ ಹಳೆಯದನ್ನು ತೆಗೆಸಿ ಖಾಲಿ ಮನೆಯೊಂದರ ವಿಳಾಸ ಬರೆಸಿದರು. ಪುಟ ಓದುವ ಯಾರಿಗೂ ಅದು ಕಾಣುವಂತಿರಲಿಲ್ಲ.

ಬುಧವಾರ ಮಧ್ಯಾಹ್ನ ಆ ಮನೆಯ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಬಾಗಿಲ ಹಿಂದೆ ಬಾಂಗ್, ಹ್ಯೆರಿನ್ ಇಬ್ಬರೂ ಕಾದು ನಿಂತಿದ್ದರು. ಗಂಟೆ ಬಾರಿಸಿದವನ ಒಂದು ಕೈಯಲ್ಲಿ ಮನೆ ಒಕ್ಕಲಿಗೆ ಒಯ್ಯುವ ಇನ್ನೊಂದು ಉಡುಗೊರೆಯಾದ ಬಟ್ಟೆ ಸೋಪಿನ ಪುಡಿ, ಕೋಟಿನೊಳಗೆ ಚಾಕು. ಬಾಗಿಲು ತೆರೆದ ಕೂಡಲೇ ಬಾಂಗ್ ಅವನ ಮಣಿಕಟ್ಟು ಹಿಡಿದರು.

ಠಾಣೆಯಲ್ಲಿ ಜಾಂಗ್‌ಹೋ ತಲೆ ತಗ್ಗಿಸಿ ಕೂತಿದ್ದ.

“ಒಂದು ಮಾತೂ ಹೇಳದೆ ಹೋದ್ಲು. ಯಾಕೆ ಅಂತ ಕೇಳ್ಬೇಕಿತ್ತು.”

“ಕೇಳೋಕೆ ಚಾಕು ಬೇಕಿತ್ತಾ?”

ಬಾಂಗ್ ಶಾಲೆಯ ಪುಟವನ್ನು ಅವನತ್ತ ತಿರುಗಿಸಿದರು. ಎಲ್ಲರಿಗೂ ಕಾಣುವಂತೆ ಅಲ್ಲಿ ಯುನ್‌ಸಿಲ್ ತನ್ನ ಬಗ್ಗೆ ಬರೆದುಕೊಂಡಿದ್ದಳು: ‘ಸಂಜೆ ಬೀಗ ತೆರೆಯುವ ಸದ್ದಿಗೇ ನನ್ನ ಕೈ ನಡುಗುತ್ತಿದ್ದ ಮನೆಯಿಂದ ಬಂದೆ. ಮಣ್ಣು ಮುಟ್ಟಿದರೆ ಈ ಕೈ ನಡುಗುವುದಿಲ್ಲ.’

ಅವನು ಎರಡು ಸಲ ಓದಿದ.

“ನಾನು ಬಿಟ್ಟ ಸೂತ್ರ ಇದನ್ನ ತಂದಿರ್ಲಿಲ್ಲ,” ಎಂದ.

“ನೀನು ಕೇಳಿದ್ದು ವಿಳಾಸ ಒಂದನ್ನೇ,” ಎಂದು ಬಾಂಗ್ ಹೇಳಿಕೆಗೆ ಸಹಿ ಹಾಕಿಸಿಕೊಂಡರು.