ಮಸ್ಕತ್‌ನಲ್ಲಿ ಕೇಳಿಸಿದ ದನಿ

ನನಗೆ ಹ್ಯಾಮ್ ರೇಡಿಯೋದಲ್ಲಿ ದೂರದೂರದವರ ಜೊತೆ ಮಾತಾಡುವ ಹುಚ್ಚು. ಚಾಮರಾಜಪೇಟೆಯ ನಮ್ಮ ಮನೆಯ ತಾರಸಿ ರೂಮಿನಲ್ಲಿ ಗೆಳೆಯ ಮುನಿಗಂಗಪ್ಪನೂ ನಾನೂ ಸೇರಿ ದೊಡ್ಡದೊಂದು ವಾಲ್ವ್ ಆಂಪ್ಲಿಫೈಯರ್ ಕಟ್ಟುತ್ತಿದ್ದೆವು. ನಮ್ಮ ದನಿಯನ್ನು ಸಮುದ್ರದಾಚೆಗೆ ಮುಟ್ಟಿಸುವ ಯಂತ್ರ ಅದು. ಇನ್ನೇನು ಮುಗಿಯಿತು ಅನ್ನುವಾಗ ಅವನು ಎದೆನೋವು ಅಂತ ಆಸ್ಪತ್ರೆಗೆ ಹೋದ. ವಾಪಸ್ ಬರಲಿಲ್ಲ.

ಈ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಒಬ್ಬನೇ ಕೂತು ಉಳಿದ ಬೆಸುಗೆ ಮುಗಿಸಿ ಸ್ವಿಚ್ ಹಾಕಿದೆ. ಹೊರಗೆ ಸುಡುಬಿಸಿಲು, ಒಳಗೆ ಗಾಜಿನ ವಾಲ್ವ್ ಕೆಂಪಗೆ ಉರಿಯುತ್ತಿದೆ. ಆದರೆ ಅದನ್ನು ತಣಿಸಿ ಹೊರಬರುವ ಫ್ಯಾನಿನ ಗಾಳಿ ಬಿಸಿಯಾಗುವ ಬದಲು ಮಂಜಿನಂತೆ ಕೊರೆಯುತ್ತಿತ್ತು. ಪಕ್ಕದ ಖಾಲಿ ಕುರ್ಚಿ ಕಿರ್ ಅಂದಿತು. ಮೈಕ್ ಹಿಡಿದು ಯಾರಾದರೂ ಇದ್ದೀರಾ ಅಂತ ಕರೆದೆ.

ಮಸ್ಕತ್‌ನಿಂದ ಕನ್ನಡದವರೊಬ್ಬರು ಉತ್ತರ ಕೊಟ್ಟರು. "ಚೆನ್ನಾಗಿ ಕೇಳಿಸ್ತಿದೆ ಸಾರ್. ಪಕ್ಕದಲ್ಲಿರೋರಿಗೂ ನಮಸ್ಕಾರ ಹೇಳಿ."

"ನಾನೊಬ್ನೇ ಇರೋದು ಸಾರ್."

"ಮತ್ತೆ, ಒಂದು ಕೈ ಜೇಬಲ್ಲಿಟ್ಕೊ ಮಗಾ ಅಂತಿದಾರಲ್ಲ, ಅವರ್ಯಾರು?"

 ಎರಡೂ ಕೈ ಯಂತ್ರದೊಳಗೆ ಹಾಕಿದರೆ ಶಾಕ್ ಎದೆ ಹಾದು ಹೋಗುತ್ತೆ ಅಂತ ಮುನಿಗಂಗಪ್ಪ ನನಗೆ ಯಾವಾಗಲೂ ಹಾಗೇ ಹೇಳುತ್ತಿದ್ದ.

ವಿಷಯ ತಿಳಿದು ಅವನ ಹೆಂಡತಿ ಕುಸುಮಕ್ಕ ಮಾರನೇ ವಾರ ಬಂದರು. ನಾನು ಮತ್ತೆ ಮಸ್ಕತ್‌ನವರ ಸಂಪರ್ಕ ಹಿಡಿದೆ. ಕುಸುಮಕ್ಕ ಬಹಳ ಹೊತ್ತು ರೇಡಿಯೋಗೆ ಕಿವಿಗೊಟ್ಟು ಕೂತರು. ಕೊನೆಗೆ, "ನನ್ನ ಬಗ್ಗೆ ಏನಾದ್ರೂ ಅಂತಿದಾರಾ, ಕೇಳಿ" ಅಂದರು.

ಮಸ್ಕತ್‌ನವರನ್ನು ಕೇಳಿದೆ. ಅವರು, "ಇವತ್ತು ಅವರು ಮಾತಾಡ್ತಿಲ್ಲ ಸಾರ್. ಅಳ್ತಿದಾರೆ" ಅಂದರು.

ನಮ್ಮಿಬ್ಬರಿಗೆ ಕೇಳಿಸಿದ್ದು ಫ್ಯಾನಿನ ಸದ್ದು ಮಾತ್ರ.