ಇನ್ನೂ ಸಣ್ಣಗೆ ಒಡೀರಿ

ಕ್ಷಮಿಸಿ. ಇಷ್ಟು ರಕ್ತ ಹರಿದದ್ದನ್ನು ಪ್ರೇಮಕಥೆ ಎನ್ನಲು ನನಗೇ ಅಳುಕು. ಆದರೂ ಹೇಳದೆ ಇರಲಾರೆ...

ಫಳ್!

ಮೊದಲ ಏಟಿಗೇ ಹಸಿರು ಗಾಜಿನ ಬಿಲ್ಲೆ ಚೂರಾಯಿತು. ಎರಡನೆಯದು, ಮೂರನೆಯದು... ಚೂರೊಂದು ಅಂಗೈ ಸೀಳಿ ರಕ್ತ ಮೊಣಕೈವರೆಗೆ ಇಳಿದರೂ ಅವಳ ಸುತ್ತಿಗೆ ನಿಲ್ಲಲಿಲ್ಲ.

"ವಿಷಕ್ಕೆ ಹೊಳಪು ಕೊಟ್ಟು ಮಾರ್ತೀಯಾ? ನಾಚಿಕೆ ಆಗಲ್ವಾ ನಿಂಗೆ?"

ಅವಳಣ್ಣ ಪಕ್ಕದ ಶೆಡ್ಡಿನಲ್ಲಿ ನಲ್ಲಿಗಳಿಗೆ ಕ್ರೋಮ್ ಲೇಪ ಹಾಕುವವನು. ಹತ್ತು ವರ್ಷದ ಆ ಕೆಲಸಕ್ಕೆ ಅವನ ಬೆರಳುಗಳ ತುಂಬ ಮಾಯದ ಹುಣ್ಣು. ಆ ತೊಟ್ಟಿಗಳ ಕೆಸರೇ ಡ್ರಮ್ಮುಗಟ್ಟಲೆ ಈ ಗಾಜಿನ ಕುಲುಮೆಗೆ ಬಂದು, ಮನೆಗೋಡೆಗೆ ಅಂಟಿಸುವ ಬಿಲ್ಲೆಯಾಗಿ ಹೊರಹೋಗುವುದನ್ನು ಅವಳು ಕಣ್ಣಾರೆ ಕಂಡಿದ್ದಳು. ಯಾವ ಮನೆಯ ಮಗು ಮುಟ್ಟುತ್ತದೋ...!

ಅವಳ ಕೂಗು ಕೇಳಿ ಕುಲುಮೆಯವನು ಓಡಿಬಂದ. ಚೂರುಗಳನ್ನು ನೋಡಿ, ಕಬ್ಬಿಣದ ಒರಳೊಂದನ್ನು ತಂದು ಅವಳ ಮುಂದಿಟ್ಟ.

"ಇನ್ನೂ ಸಣ್ಣಗೆ ಒಡೀರಿ."

"ತಮಾಷೆನಾ?"

"ಅಲ್ಲ. ಕೆಸರಿನ ವಿಷ ಗಾಜಲ್ಲಿ ಕರಗಿ ಅಲ್ಲೇ ಸೆರೆಯಾಗತ್ತೆ; ನಂಬಿಕೆ ಇಲ್ದಿದ್ರೆ ಪರೀಕ್ಷೆ ಮಾಡ್ಸಿ. ಚೂರು ಉಗುರಿಗಿಂತ ಸಣ್ಣ ಆಗ್ಬೇಕು. ಪ್ರಯೋಗಾಲಯದಲ್ಲಿ ಆ್ಯಸಿಡ್ ನೀರಿಗೆ ಹಾಕಿ ಹದಿನೆಂಟು ಗಂಟೆ ಉರುಳಿಸ್ತಾರೆ. ನೀರಿಗೆ ವಿಷ ಬಿಟ್ರೆ ಈ ಕುಲುಮೆ ನಾನೇ ಆರಿಸ್ತೀನಿ. ನೀವೇ ಕುಟ್ಟಿ, ನೀವೇ ಬಾಟಲಿಗೆ ತುಂಬಿ ಮುಚ್ಚಳ ಹಾಕಿ. ಆಮೇಲೆ ನಾನು ಬದಲಾಯಿಸ್ದೆ ಅನ್ಬೇಡಿ."

ಅವಳು ಕುಟ್ಟಿದಳು. ಅವನನ್ನೇ ಕುಟ್ಟುವಂತೆ! ಬಾಟಲಿ ತುಂಬಿಸಿ ಮುಚ್ಚಳ ಬಿಗಿದಳು.

ಅವನು ಅವಳ ಅಂಗೈಗೆ ಬಟ್ಟೆ ಸುತ್ತುತ್ತಿದ್ದಾಗಲೇ ಅಣ್ಣ ಒಳನುಗ್ಗಿದ. ಕಂಡದ್ದು ತಂಗಿಯ ರಕ್ತ, ಅವಳ ಕೈ ಹಿಡಿದಿದ್ದ ಗಂಡಸು.

"ನನ್ ತಂಗಿ ಮೇಲೆ ಕೈ ಮಾಡ್ತೀಯೇನೋ!"

ಸಲಾಕೆ ಕುಲುಮೆಯವನ ದವಡೆಗೆ ಬಡಿಯಿತು. ಎರಡು ಹಲ್ಲು ನೆಲಕ್ಕೆ ಉದುರಿದವು.

"ಅಣ್ಣಾ, ಬೇಡ! ಒಡೆದಿದ್ದು ನಾನೇ!"

ಅಣ್ಣನಿಗೆ ಕೇಳಿಸಲಿಲ್ಲ. ಕುಲುಮೆಯನ್ನೇ ಹಾಳುಗೆಡವಲು, ಒಣಗಿಸಲೆಂದು ಇಟ್ಟಿದ್ದ ಹಸಿ ಕೆಸರಿನ ಬಕೆಟ್ ಎತ್ತಿ ಕುಲುಮೆಯ ಬಾಯಿಗೆ ಎಸೆದ.

"ಹಸೀದು ಹಾಕ್ಬೇಡಿ! ಸಿಡಿಯತ್ತೆ!" ಕುಲುಮೆಯವನು ಕೂಗಿದ.

ಕರಗಿದ ಗಾಜಿಗೆ ನೀರು ಸೋಕಿದ್ದೇ ತಡ, ಕಿವಿ ಗುಂಯ್‌ಗುಡುವಂತೆ ಕುಲುಮೆ ಸಿಡಿಯಿತು. ಅಷ್ಟರಲ್ಲಿ ಅವನು ಅಣ್ಣನನ್ನು ಎಳೆದು ಕೆಡವಿ, ಅವಳ ಮೇಲೆ ಕವುಚಿ ಬಿದ್ದಿದ್ದ. ಉರಿಯುವ ಹನಿಗಳು ಅವನ ಬೆನ್ನಿಗೆ ಸುರಿದವು. ಬಟ್ಟೆ ಸುಟ್ಟ ವಾಸನೆ... ಆಮೇಲೆ ಚರ್ಮ ಸುಟ್ಟ ವಾಸನೆ...

'ಅಯ್ಯೋ, ಯಾರನ್ನ ಕೊಲೆಗಡುಕ ಅಂದ್ಕೊಂಡೆ ನಾನು!' ಎಂದುಕೊಂಡಳು ಅವಳು.

ಅವಳು ಎದೆಗವಚಿಕೊಂಡಿದ್ದ ಬಾಟಲಿ ಮಾತ್ರ ಒಡೆದಿರಲಿಲ್ಲ.

ಐದನೆಯ ದಿನ ಅವಳು ಪ್ರಯೋಗಾಲಯದ ಚೀಟಿ ಹಿಡಿದು ಆಸ್ಪತ್ರೆಗೆ ಬಂದಳು. ಅವನು ಬೋರಲು ಮಲಗಿದ್ದ. ಅಣ್ಣ ಬಾಗಿಲಾಚೆಯೇ ನಿಂತ.

"ಕುಲುಮೆ ಆರಿಸ್ಬೇಕಾ?" ಮಲಗಿದ್ದಲ್ಲಿಂದಲೇ ಕುಲುಮೆಯವನು ಕೇಳಿದ.

"ಬೇಡ. ವಿಷ ಮಿತಿಗಿಂತ ತುಂಬಾ ಕಡಿಮೆ. ಎರಡು ಸಲ ನೋಡಿಸ್ದೆ."

"ಇನ್ನೂ ನಂಬಿಕೆ ಇಲ್ಲ!"

"ಗಾಜಿನ ಮೇಲೆ ಇರ್ಲಿಲ್ಲ. ನಿಮ್ಮ ಮೇಲೆ... ಅವತ್ತೇ ಬಂತು." ಅವಳ ಕಣ್ಣು ತುಂಬಿತು. "ನಿಮ್ಮನ್ನ ಬಿಟ್ಟು ಹೋಗೋಕೆ ಆಗ್ತಿಲ್ಲ ಕಣ್ರೀ."

"ಈ ಹಲ್ಲಿಲ್ಲದವನನ್ನಾ?"

"ಹ್ಞೂಂ. ಆದ್ರೆ ಪ್ರತಿ ಸಲ ಬಿಲ್ಲೆ ಒಡೆದು ನೋಡೋಳು ನಾನೇ!"

"ಎಷ್ಟು ಬೇಕಾದ್ರೂ ಒಡಿ, ಮತ್ತೆ ಕರಗಿಸ್ತೀನಿ." ಅವನು ಅವಳ ಅಂಗೈಯ ಗಾಯ ಸವರಿದ. "ಕೈಗೆ ಗವಸು ಮಾತ್ರ ಹಾಕ್ಕೋ."

ನೂರು ವರ್ಷ ಮಣ್ಣಿನಲ್ಲಿ ಬಿದ್ದಿದ್ದರೂ ಆ ಗಾಜು ವಿಷವನ್ನು ಹಿಡಿದಿಟ್ಟುಕೊಳ್ಳುತ್ತದೆಯೇ? ನನಗೆ ಗೊತ್ತಿಲ್ಲ. ಅಣ್ಣ ಬಾಗಿಲು ದಾಟಿ ಒಳಗೆ ಬಂದನೇ ಎಂಬುದೂ ಗೊತ್ತಿಲ್ಲ.