ಕೋಳಿಗೂಡಿನ ಕೊನೆಯ ಸಾಲು

ಎರಡು ವರ್ಷ ಮುಖ ತೋರಿಸದ ಮನುಷ್ಯ ನಮ್ಮ ಮನೆಯ ಗೇಟಿನ ಹೊರಗೆ ನಿಂತು, "ಇಲ್ಲೇ ಕೂತು ಬರೆಯೋಣ" ಎಂದ.

"ಇಲ್ಲೇ ಅಂದ್ರೆ? ರಸ್ತೆ ಮೇಲಾ?"

"ಕಟ್ಟೆ ಇದೆಯಲ್ಲ."

ಕಟ್ಟೆ ಇತ್ತು, ನಿಜ. ಅದರ ಮೇಲೆ ಪಕ್ಕದ ಮನೆಯ ಬೆಕ್ಕು ಮಲಗಿತ್ತು, ಬೆಕ್ಕಿನ ಮೇಲೆ ಚೆರಿ ಹೂವಿನ ಎಸಳು ಬಿದ್ದಿದ್ದವು. ಶಿಲ್ಲಾಂಗಿನಲ್ಲಿ ನವೆಂಬರ್ ಬಂತೆಂದರೆ ಊರಿಗೂರೇ ಗುಲಾಬಿ ಬಣ್ಣ. ಶಾಯ್ ಬೆಕ್ಕನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಕೂತ. ನಮ್ಮನೆಯ ಬಾಗಿಲು ಹಾರು ಹೊಡೆದಿತ್ತು, ಒಳಗೆ ಒಲೆ ಉರಿಯುತ್ತಿತ್ತು. ಅವನು ಅತ್ತ ತಿರುಗಿಯೂ ನೋಡಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಒಂಬತ್ತು ವರ್ಷ ಈ ಮನೆಯ ಅನ್ನ ತಿಂದವನಿಗೆ ಈಗ ಹೊಸಿಲು ತುಳಿದರೆ ಪಾಪ ಬರುತ್ತದೆಯೋ?

ಅವನ ಪೂರ್ತಿ ಹೆಸರು ಪಿನ್‌ಶಾಯ್. ನಮ್ಮ ಬ್ಯಾಂಡಿನ ಗಿಟಾರು. ನಾನು ಇಬಾದಾಹುನ್, ಎಲ್ಲರ ಬಾಯಲ್ಲಿ ಇಬಾ. ಬೇಸ್ ಗಿಟಾರ್ ನುಡಿಸುತ್ತೇನೆ, ಹಾಡುತ್ತೇನೆ. ಡ್ರಮ್ ಬಾರಿಸುವವನು ಬಾಹ್ ಡೊನ್‌ಬೊರ್, ನಮ್ಮಿಬ್ಬರಿಗಿಂತ ದೊಡ್ಡವನು, ಆದ್ದರಿಂದ ಬಾಹ್ ಡೊನ್, ಅಣ್ಣ. ಬ್ಯಾಂಡಿನ ಹೆಸರು 'ಕೋಳಿಗೂಡು'. ಯಾಕೆಂದರೆ ಅದು ಹುಟ್ಟಿದ್ದು ನಮ್ಮ ಹಿತ್ತಲಿನ ಕೋಳಿಗೂಡಿನಲ್ಲಿ.

ಎರಡು ವರ್ಷದಿಂದ ಕೋಳಿಗೂಡು ಬಾಗಿಲು ಹಾಕಿಕೊಂಡಿತ್ತು. ಈಗ ಚೆರಿ ಹಬ್ಬದವರು ಒಂದೇ ಒಂದು ಸಲ ಸೇರಿ ಹಾಡಿ ಎಂದು ಕೇಳಿದ್ದರು. ವೇದಿಕೆ ಹತ್ತುವ ಮುಂಚೆ ಓದಲು ಬ್ಯಾಂಡಿನ ಕಥೆಯನ್ನು ಹತ್ತಿಪ್ಪತ್ತು ಸಾಲಲ್ಲಿ ಬರೆದುಕೊಡಬೇಕಿತ್ತು. ಬಾಹ್ ಡೊನ್ ಫೋನಿನಲ್ಲೇ ಕೈ ತೊಳೆದುಕೊಂಡ. "ನಾನು ಬರೆದ್ರೆ ಬರೀ ನನ್ನ ಡ್ರಮ್ ಕಥೆ ಆಗುತ್ತೆ. ನೀವಿಬ್ರೂ ಕೂತು ಬರೀರಿ. ಇದು ಕೋಳಿಗೂಡಿನ ಕೊನೇ ಷೋ ಅಂತ ಕೊನೇ ಸಾಲು ಹಾಕ್ಬೇಕಾ ಬೇಡ್ವಾ, ಅದನ್ನೂ ನೀವೇ ತೀರ್ಮಾನ ಮಾಡಿ. ಸಂಜೆ ಬಂದು ತಗೊಂಡು ಹೋಗ್ತೀನಿ."

ಶಾಯ್ ಗುವಾಹಾಟಿಯಿಂದ ಬಂದಿದ್ದ. ಹಬ್ಬ ಮುಗಿದ ಮೇಲೆ ದಿಲ್ಲಿಗೆ ಹೋಗುವವನಿದ್ದ, ಅಲ್ಲೊಂದು ಸ್ಟುಡಿಯೋದಲ್ಲಿ ಕಾಯಂ ಕೆಲಸ. ಆ ಕೊನೆಯ ಸಾಲು ಬರೆಯಲು ನನಗೆ ಸುತರಾಂ ಇಷ್ಟವಿರಲಿಲ್ಲ. ಸುಮ್ಮನೆ ಸುತ್ತಿಬಳಸಿ ಏಕೆ ಹೇಳಲಿ? ಅವನು ದಿಲ್ಲಿಗೆ ಹೋಗುವುದೇ ನನಗೆ ಇಷ್ಟವಿರಲಿಲ್ಲ. ಅವನನ್ನು ನಾನು ಪ್ರೀತಿಸುತ್ತಿದ್ದೆ, ಸದ್ದು ಹೊರಗೆ ಹೋಗದಿರಲೆಂದು ಕೋಳಿಗೂಡಿನ ಗೋಡೆಗೆ ಇಬ್ಬರೂ ಸೇರಿ ಮೊಟ್ಟೆ ಟ್ರೇ ಅಂಟಿಸಿದ ದಿನದಿಂದಲೂ.

ಆದರೆ ನಾನು ಮನೆಯ ಕಿರಿಯ ಮಗಳು. ನಮ್ಮ ಖಾಸಿ ಜನರಲ್ಲಿ ಮನೆ ಕಿರಿಯ ಮಗಳದ್ದು. ಮನೆಯ ಜೊತೆಗೆ ಅಮ್ಮ, ಒಲೆ, ಬಂದುಹೋಗುವ ನೆಂಟರು ಎಲ್ಲವೂ ಅವಳದ್ದೇ. ನನ್ನ ಅಕ್ಕಂದಿರು ಎಲ್ಲಿಗೆ ಬೇಕಾದರೂ ಹೋಗಬಹುದು, ಹೋದರು. ನಾನು ಹೋಗುವಂತಿಲ್ಲ. ನನ್ನ ಕೈ ಹಿಡಿಯುವವನೇ ಇಲ್ಲಿಗೆ ಬರಬೇಕು.

"ಸರಿ, ಹೇಳು. ಮೊದಲ ಸಾಲು?" ನಾನು ಕಟ್ಟೆಯ ಇನ್ನೊಂದು ತುದಿಗೆ ಕೂತು ಪೆನ್ನು ತೆಗೆದೆ. ನಡುವೆ ಬೆಕ್ಕು.

"ಕೋಳಿಗೂಡು ಹುಟ್ಟಿದ್ದು ಚರ್ಚಿನ ಹಾಡಿನ ತಂಡದಿಂದ ಹೊರಗೆ ಹಾಕಿಸ್ಕೊಂಡ ಮೂವರಿಂದ."

"ಹೊರಗೆ ಹಾಕಿದ್ದು ನಿನ್ನನ್ನ ಮಾತ್ರ. ನಾನೂ ಬಾಹ್ ಡೊನ್ನೂ ನಾವಾಗೇ ಬಿಟ್ವಿ."

"ನನಗೋಸ್ಕರ?"

"ಆಹಾ, ಆಸೆ ನೋಡು! ಹಾಡು ಬೇಜಾರಾಗಿತ್ತು, ಅದಕ್ಕೆ."

ಅವನು ನಕ್ಕ. ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಸ್ವಲ್ಪ ಮೊದಲು ಮುಚ್ಚುತ್ತದೆ. ಎರಡು ವರ್ಷದಲ್ಲಿ ಅದೊಂದು ಬದಲಾಗಿರಲಿಲ್ಲ. ನಾನು ಸಟ್ಟನೆ ಕಾಗದದ ಕಡೆ ನೋಡಿದೆ.

ಬರೆಯುತ್ತಾ ಹೋದೆವು. ಮೊದಲ ಕಾರ್ಯಕ್ರಮದ ಮಧ್ಯೆ ಕರೆಂಟು ಹೋಯಿತು. ನಾವು ಹೆದರಿ ನಿಂತಾಗ ಎದುರಿನ ಜನ ಚಪ್ಪಾಳೆಯಲ್ಲೇ ತಾಳ ಹಿಡಿದು ಹಾಡು ಮುಗಿಸಿಕೊಟ್ಟರು. ಮೊದಲ ಆಲ್ಬಮ್ಮನ್ನು ಗೂಡಿನಲ್ಲೇ ರೆಕಾರ್ಡ್ ಮಾಡಿದೆವು. ಹಳೇ ಮನೆ ಬಿಡಲೊಪ್ಪದ ಒಂದು ಹುಂಜ ಎರಡನೇ ಹಾಡಿನ ನಡುವೆ ಗಂಟಲು ಹರಿಯುವಂತೆ ಕೂಗಿತು. ತೆಗೆದುಹಾಕೋಣ ಎಂದು ನಾನು, ಇರಲಿ ಎಂದು ಶಾಯ್. ಆ ಹಾಡೇ ಹೆಸರು ಮಾಡಿತು. ಕೊಹಿಮಾದಲ್ಲಿ ಜನ ಹಾಡಿಗಿಂತ ಮೊದಲು ಹುಂಜದ ಹಾಗೆ ಕೂಗುತ್ತಿದ್ದರು.

"ಅರುಣಾಚಲ ಬರಿ," ಎಂದ ಅವನು. "ಗದ್ದೆ ಮಧ್ಯೆ ಸ್ಟೇಜು. ಖಾಸಿ ಒಂದಕ್ಷರ ಬರ್ದೇ ಇರೋರು ನಮ್ಮ ಜೊತೆ ಹಾಡಿದ್ರಲ್ಲ."

"ನೀನು ಅತ್ತಿದ್ದನ್ನೂ ಬರೀಲಾ?"

"ಅದು ಹೊಗೆ."

"ಗದ್ದೇಲಿ ಎಲ್ಲಿತ್ತೋ ಹೊಗೆ?"

"ಇಬಾ, ನೀನು ಅವತ್ತು ಹಳದಿ ಶಾಲು ಹೊದ್ದಿದ್ದೆ. ಹಾಡಿನ ಕೊನೇಲಿ ತಿರುಗಿ ನನ್ನ ನೋಡ್ದೆ. ಅದಕ್ಕೇ ಕಣ್ಣಲ್ಲಿ ನೀರು ಬಂತು. ಬರೀತೀಯಾ? ಬರಿ."

ನನ್ನ ಪೆನ್ನು ನಿಂತಿತು. ಬೆಕ್ಕು ಎದ್ದು ಮೈ ಮುರಿದು, ನಮ್ಮಿಬ್ಬರನ್ನೂ ಒಮ್ಮೆ ನೋಡಿ ಎಲ್ಲಿಗೋ ಹೋಯಿತು. ಅದು ಬಿಟ್ಟುಹೋದ ಜಾಗ ಹಾಗೇ ಖಾಲಿ ಇತ್ತು.

"ಎರಡನೇ ಆಲ್ಬಮ್ ನೆಲಕಚ್ಚಿತು," ಎಂದೆ.

"ಬರಿ."

"ಆಮೇಲೆ ಮುಂಬೈ ಕಂಪನಿಯವರು ಕರೆದ್ರು. ಅಲ್ಲಿಗೇ ಬಂದು ಇರಬೇಕು ಅಂದ್ರು. ನಾನು ಮೇಯ್‌ನ ಬಿಟ್ಟು ಬರಲ್ಲ ಅಂದೆ."

ಮೇಯ್ ಎಂದರೆ ನನ್ನ ಅಮ್ಮ.

"ಅದೂ ಬರಿ," ಎಂದ ಶಾಯ್. ಅವನ ದನಿ ತಗ್ಗಿತ್ತು.

"ಅದರ ಮುಂದಿನ ಸಾಲು ನೀನೇ ಹೇಳು. ನನಗೆ ಗೊತ್ತಿಲ್ಲ. ಒಂದು ದಿನ ನೀನು ಪ್ರಾಕ್ಟೀಸಿಗೆ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕ್ಕೊಂಡು ಬಂದೆ. ನಾನು ಮುಂಬೈ ಶರ್ಟಾ ಅಂತ ರೇಗಿಸ್ದೆ. ನೀನು ಅರ್ಧ ಹಾಡೂ ನುಡಿಸ್ಲಿಲ್ಲ, ಗಿಟಾರ್ ಎತ್ಕೊಂಡು ಹೋದೆ. ಮತ್ತೆ ಬರಲೇ ಇಲ್ಲ. ಎರಡು ವರ್ಷ ಕಣೋ! ಜನ ಕೇಳಿದಾಗೆಲ್ಲ ಏನು ಹೇಳ್ಲಿ? ಮುಂಬೈ ಆಸೆಗೆ ನಮ್ಮನ್ನ ಬಿಟ್ಟ ಅಂತ ಹೇಳ್ಲಾ?"

"ನಾನು ಮುಂಬೈಗೆ ಹೋದ್ನಾ?"

"ಗುವಾಹಾಟಿಗೆ ಹೋದೆ. ಅದಿನ್ನೂ ದೊಡ್ಡ ಅವಮಾನ."

ಅವನಿಗೆ ನಗು ಬರಲಿಲ್ಲ. ತೊಡೆಯ ಮೇಲೆ ಬಿದ್ದ ಎಸಳೊಂದನ್ನು ಎತ್ತಿ, ಉಗುರಿನಿಂದ ಎರಡಾಗಿ ಸೀಳಿದ.

"ಮುಂಬೈ ಬೇಡ ಅಂತ ಹೇಳೋಕೇ ಅವತ್ತು ಬಂದಿದ್ದೆ. ನಮ್ಮ ಮಾಮನ್ನ ನಿಮ್ಮನೆಗೆ ಕಳಿಸೋಕೆ ಮುಂಚೆ ನಿನ್ನ ಮೇಯ್ ಮುಖ ಒಂದ್ಸಲ ನೋಡ್ಕೊಂಡು ಹೋಗೋಣ ಅಂತ. ಮಾಮ ಆಗ್ಲೇ ಕೋಟು ಹಾಕ್ಕೊಂಡು ಮನೇಲಿ ಕಾಯ್ತಾ ಕೂತಿದ್ದ."

"ಏನಕ್ಕೆ ಕಳಿಸೋಕೆ?"

"ನಿನ್ನ ಕೇಳೋಕೆ, ದಡ್ಡಿ!"

ನನ್ನ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಇಷ್ಟು ವರ್ಷ ಬೇಸ್ ನುಡಿಸಿದ್ದೇನೆ, ತಾಳ ತಪ್ಪುವುದು ನನ್ನ ಜಾಯಮಾನವಲ್ಲ. ಅವತ್ತು ತಪ್ಪಿತು.

"ಮತ್ತೆ ಯಾಕೆ ಕೇಳ್ಲಿಲ್ಲ?"

"ಮೇಯ್ ಮೊದಲೇ ಉತ್ತರ ಕೊಟ್ಟುಬಿಟ್ರು." ಅವನು ನನ್ನ ಮುಖ ನೋಡದೆ ಹೇಳಿದ. "ನಂಗೆ ಕ್ವಾಯ್ ಕೊಡ್ಲಿಲ್ಲ."

ಹಸಿ ಅಡಿಕೆ, ಸುಣ್ಣ ಸವರಿದ ಎಲೆ, ಅದೇ ಕ್ವಾಯ್. ನಮ್ಮಲ್ಲಿ ಅದು ಬರೀ ಬಾಯಾಡಿಸುವ ವಸ್ತುವಲ್ಲ. ಶತ್ರು ಮನೆಗೆ ಬಂದರೂ ಮೊದಲು ತಟ್ಟೆಯಲ್ಲಿಟ್ಟು ಕೈಗೆ ಕೊಡಬೇಕು. ಕೊಡಲಿಲ್ಲವೆಂದರೆ ಎದ್ದು ಹೋಗು ಎಂದ ಹಾಗೆ, ಬಾಯಿ ಬಿಟ್ಟು ಹೇಳುವ ಅಗತ್ಯವೇ ಇಲ್ಲ.

"ಬಾಹ್ ಡೊನ್‌ಗೆ ಕೊಟ್ರು. ಕರೆಂಟು ಬಿಲ್ಲು ಕೊಡೋಕೆ ಬಂದೋನಿಗೂ ಕೊಟ್ರು. ನನ್ನ ಮುಂದೇನೇ ತಟ್ಟೆ ಹಿಡ್ಕೊಂಡು ಹೋದ್ರು, ನನ್ನ ಶರ್ಟು ನೋಡಿದ್ರು, ಮುಂದಕ್ಕೆ ಹೋದ್ರು. ಒಂಬತ್ತು ವರ್ಷದಲ್ಲಿ ಒಂದು ದಿನಾನೂ ಹಾಗೆ ಮಾಡಿರ್ಲಿಲ್ಲ. ಬಂದ ಕೆಲಸ ಗೊತ್ತಾಗಿ ಬೇಡ ಅಂದ್ರು, ಇಬಾ. ನಾನು ಇನ್ನೇನು ಮಾಡ್ಲಿ? ಮೇಯ್ ಒಪ್ಪದ ಮನೆಗೆ ಅಳಿಯ ಆಗಿ ಬರೋಕಾಗುತ್ತಾ?"

ನಾನು ಆ ದಿನ ತಂತಿ ಸರಿ ಮಾಡುತ್ತಾ ಕೂತಿದ್ದೆ. ಏನೂ ನೋಡಿರಲಿಲ್ಲ. ಮೇಯ್ ಹಾಗೆ ಮಾಡಿರಲಾರಳು ಎಂದು ಹೇಳಲು ಬಾಯಿ ತೆರೆದೆ. ಆದರೆ ನಮ್ಮ ಮೇಯ್ ಮನಸ್ಸು ಬಂದರೆ ಏನು ಬೇಕಾದರೂ ಮಾಡುವ ಹೆಂಗಸು. ಅವನು ನನಗೆ ಬೇಕು ಎಂದು ಹೇಳಿ ಪ್ರಯೋಜನವೇನು, ಅಮ್ಮ ಬೇಡ ಎಂದಿದ್ದರೆ? ಬಿಟ್ಟುಹೋಗಲು ಬಾರದವಳು ನಾನು.

"ಕೊನೇ ಸಾಲು ಬರಿ," ಎಂದ ಅವನು ಮೆಲ್ಲಗೆ. "ಇದು ಕೊನೇ ಷೋ ಅಂತಾನೇ ಬರಿ."

'ಇದು' ಎಂದು ಬರೆದೆ. ಮುಂದಿನ ಪದ ಕೈಗೆ ಬರಲಿಲ್ಲ.

ಅಷ್ಟರಲ್ಲಿ ಟ್ಯಾಕ್ಸಿಯೊಂದು ಬಂದು ನಿಂತಿತು. ಮೇಯ್ ಇಳಿದಳು, ಕೈಯಲ್ಲಿ ಸಂತೆಯ ಚೀಲ, ಭುಜಕ್ಕೆ ಕಟ್ಟಿದ ಚೌಕುಳಿ ಬಟ್ಟೆಯ ಮೇಲೆಲ್ಲ ಅರಿಶಿನದ ಪುಡಿ. ಶಾಯ್ ಧಡಕ್ಕನೆ ಎದ್ದು ನಿಂತ.

"ಖುಬ್ಲೇಯ್, ಮೇಯ್," ಎಂದು ನಮಸ್ಕಾರ ಹೇಳಿದ.

ಮೇಯ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಬದುಕಿದ್ದೀಯಾ? ಒಳಗೆ ಬರ್ದೆ ಬೀದೀಲಿ ಯಾಕೆ ಕೂತಿದ್ದೀಯಾ, ಬಾಡಿಗೆ ಮನೆ ಕೇಳೋಕೆ ಬಂದೋನ ಥರ?"

ನನಗೆ ತಡೆಯಲಾಗಲಿಲ್ಲ. "ನೀನೇ ಕ್ವಾಯ್ ಕೊಡ್ದೆ ಓಡಿಸಿದ್ದಂತೆ! ಆ ಬಿಳಿ ಶರ್ಟಿನ ದಿನ. ಹೌದೋ ಅಲ್ವೋ ಹೇಳು, ಮೇಯ್!"

"ಕೊಡ್ಲಿಲ್ಲ," ಎಂದಳು ಮೇಯ್, ಬಹಳ ಶಾಂತವಾಗಿ.

ಶಾಯ್ ತಲೆ ತಗ್ಗಿಸಿದ. ನನ್ನ ಕಣ್ಣು ಮಂಜಾಯಿತು.

"ಅವತ್ತು ನಾನು ಎಷ್ಟು ಖುಷಿಯಾಗಿದ್ದೆ ಗೊತ್ತಾ?" ಮೇಯ್ ಚೀಲವನ್ನು ಕಟ್ಟೆಯ ಮೇಲೆ ಕುಕ್ಕಿದಳು. "ಇಸ್ತ್ರಿ ಮಾಡಿದ ಶರ್ಟು, ಬಾಚಿದ ತಲೆ. ಈ ಹುಡುಗನಿಗೆ ಕೊನೆಗೂ ಧೈರ್ಯ ಬಂತಪ್ಪಾ ಅಂದ್ಕೊಂಡೆ. ಇನ್ಮೇಲೆ ಇವನು ನಮ್ಮನೆಯವನು. ಮನೆಯವರಿಗೆ ಯಾರಾದ್ರೂ ತಟ್ಟೇಲಿಟ್ಟು ಕ್ವಾಯ್ ಕೊಡ್ತಾರಾ? ನಾನು ಇವಳಿಗೆ ಯಾವತ್ತಾದ್ರೂ ಕೊಟ್ಟಿದ್ದೀನಾ? ಬುಟ್ಟಿ ಒಲೆ ಪಕ್ಕ ಇರುತ್ತೆ, ಬೇಕಾದೋರು ತಗೊಂಡು ತಿಂತಾರೆ. ನಿಂಗೆ ಕೈ ಇರ್ಲಿಲ್ವಾ?"

ಶಾಯ್ ತನ್ನ ಕೈಗಳನ್ನೇ ನೋಡಿಕೊಂಡ.

"ತಿರುಗಿ ನೋಡೋದ್ರೊಳಗೆ ಪರಾರಿ! ಎರಡು ವರ್ಷದಿಂದ ಇವಳನ್ನ ಬೈತಾ ಇದ್ದೀನಿ. ಹುಡುಗನಿಗೆ ಏನಂದ್ಯೇ, ಏನಂದ್ಯೇ ಅಂತ."

"ಹೌದು," ಎಂದೆ. "ಮೇಯ್ ಬೈದಿದ್ದಾಳೆ." ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ತಿಳಿಯಲಿಲ್ಲ.

"ಮೇಯ್, ನೀವು ಒಂದು ಮಾತು ಹೇಳ್ಬಹುದಿತ್ತು," ಎಂದ ಶಾಯ್.

"ನೀನು ಒಂದು ಮಾತು ಕೇಳ್ಬಹುದಿತ್ತು, ಹೆಪ್," ಎಂದಳು ಮೇಯ್. ಹೆಪ್ ಎಂದು ಅವಳು ಕರೆಯುವುದು ಮುದ್ದು ಬಂದಾಗ ಮಾತ್ರ. ಚೀಲ ಎತ್ತಿಕೊಂಡು ಒಳಗೆ ನಡೆದಳು, ಬಾಗಿಲಲ್ಲಿ ನಿಂತು ತಿರುಗಿದಳು. "ಇವತ್ತೂ ಕೊಡಲ್ಲ. ನೆಂಟನ ಥರ ತಟ್ಟೇಲೇ ಬೇಕು ಅಂದ್ರೆ ಈಗಲೇ ಹೇಳು, ಕೊಡ್ತೀನಿ. ತಿಂದು ದಿಲ್ಲಿಗೆ ಹೊರಡು."

ಕಟ್ಟೆಯ ಹತ್ತಿರ ನಾವಿಬ್ಬರೇ ಉಳಿದೆವು. ಶಾಯ್ ನನ್ನನ್ನು ನೋಡಿದ. ಈ ಸಲ ತಪ್ಪಿಸಿಕೊಳ್ಳುವ ನೋಟವಲ್ಲ, ನೇರ, ಅರುಣಾಚಲದ ಗದ್ದೆಯಲ್ಲಿ ನೋಡಿದ ಹಾಗೆ.

"ನಿನ್ನ ಮಾತೇನು?" ಎಂದ. "ಮೇಯ್‌ದು ಆಯ್ತು. ನಿನ್ನದು ನಂಗೆ ಇನ್ನೂ ಗೊತ್ತಿಲ್ಲ."

"ಗೊತ್ತಿಲ್ವಾ? ಎಲ್ಲ ಹಾಡಲ್ಲೂ ಅದನ್ನೇ ಹಾಡಿದ್ದೀನಲ್ಲೋ, ಕಿವುಡ! ನೀನು ಬೇಕು ನಂಗೆ. ಬ್ಯಾಂಡಿಗೆ ಆಮೇಲೆ. ಮೊದಲು ನಂಗೆ."

ಅವನ ಎಡಗಣ್ಣು ಮೊದಲು ಮುಚ್ಚಿತು, ಆಮೇಲೆ ಬಲಗಣ್ಣು. ನನ್ನ ಕೈ ಹಿಡಿದ. ಅವನ ಬೆರಳ ತುದಿಗಳು ತಂತಿಯಿಂದ ಜಡ್ಡುಗಟ್ಟಿದ್ದವು, ನನ್ನವೂ ಹಾಗೇ. ಹಾಗೆ ಕೈ ಹಿಡಿದುಕೊಂಡೇ ಗೇಟು ದಾಟಿದೆವು.

"ದಿಲ್ಲಿ?" ಎಂದು ಕೇಳಿದೆ, ಮೆಟ್ಟಿಲ ಹತ್ತಿರ.

"ಬರಲ್ಲ ಅಂತ ಫೋನ್ ಮಾಡ್ತೀನಿ. ಮೊದಲು ಮಾಮನಿಗೆ ಮಾಡ್ಬೇಕು, ಆ ಕೋಟು ಮತ್ತೆ ಹೊರಗೆ ತೆಗೀಲಿ."

"ಕೋಟು ಬಿಸಿಲಿಗೆ ಹಾಕೋಕೆ ಹೇಳು!" ಎಂದು ಒಳಗಿಂದ ಮೇಯ್ ಕೂಗಿದಳು. ನಮ್ಮನೆಯ ಗೋಡೆಗಳಿಗೆ ಮೊಟ್ಟೆ ಟ್ರೇ ಅಂಟಿಸಿಲ್ಲ, ಎಲ್ಲವೂ ಕೇಳಿಸುತ್ತದೆ.

ಅವನು ಹೊಸಿಲ ಬಳಿ ಒಂದು ಕ್ಷಣ ನಿಂತ. ಆಮೇಲೆ ಯಾರನ್ನೂ ಕೇಳದೆ ನೇರವಾಗಿ ಒಲೆಯ ಹತ್ತಿರ ಹೋದ, ಬುಟ್ಟಿಯ ಮುಚ್ಚಳ ತೆಗೆದ, ಒಂದು ಹೋಳು ಅಡಿಕೆ, ಒಂದು ಎಲೆ ತಾನೇ ಎತ್ತಿಕೊಂಡು ಬಾಯಿಗಿಟ್ಟ. ಮೇಯ್ ಬೆನ್ನು ತಿರುಗಿಸಿ ಸೊಪ್ಪು ಬಿಡಿಸುತ್ತಿದ್ದಳು. ಮುಂಗೈಯಿಂದ ಕಣ್ಣೊರೆಸಿಕೊಂಡದ್ದು ನನಗೆ ಕಂಡಿತು. ಹಸಿ ಅಡಿಕೆಯ ಕಾವಿಗೆ ಶಾಯ್‌ನ ಕಿವಿ ಕೆಂಪೇರಿತು. ಅಥವಾ ಅದಕ್ಕಲ್ಲವೋ ಏನೋ, ನಾನು ಕೇಳಲಿಲ್ಲ.

ಸಂಜೆಗೆ ಬಾಹ್ ಡೊನ್ ಬಂದ. ಮೇಯ್ ತಟ್ಟೆಯಲ್ಲಿಟ್ಟು ಅವನಿಗೆ ಕ್ವಾಯ್ ಕೊಟ್ಟಳು. ಅವನು ಅಡಿಕೆ ಅಗಿಯುತ್ತಾ ಕಾಗದ ಓದಿದ. ಹುಂಜದ ಸಾಲಿಗೆ ನಕ್ಕ, ಕೊನೆಗೆ ಬಂದಾಗ ಹುಬ್ಬು ಗಂಟಿಕ್ಕಿದ.

"'ಇದು' ಅಂತ ಬರೆದು ಹೊಡೆದು ಹಾಕಿದ್ದೀರಲ್ಲ. ಕೊನೇ ಸಾಲು ಎಲ್ಲಿ?"

"ಇಲ್ಲ, ಬಾಹ್ ಡೊನ್," ಎಂದೆ. "ನಾಳೆ ಬೆಳಿಗ್ಗೆ ಪ್ರಾಕ್ಟೀಸು. ಹೊಸ ಹಾಡು."

ಅವನು ನನ್ನನ್ನು ನೋಡಿದ, ಒಲೆಯ ಪಕ್ಕ ಕಾಲು ಚಾಚಿ ಕೂತ ಶಾಯ್‌ನನ್ನು ನೋಡಿದ. ಶಾಯ್‌ನ ತುಟಿ ಕೆಂಪಾಗಿತ್ತು.

"ಅವನಿಗೆ ಕ್ವಾಯ್ ಯಾರು ಕೊಟ್ರು?"

"ಯಾರೂ ಕೊಟ್ಟಿಲ್ಲ," ಎಂದಳು ಮೇಯ್.